ಕಾಲೇಜಿಗೆ ಊರು ಬೇಕಾಗಿದ್ದ ಕಾಲ

ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಗೆ ಬೆಳಿಗ್ಗೆ ಹೊತ್ತು ಹೋದವರು ನೋಡಿರುತ್ತೀರಿ. ಚೀಟಿ ಮಾಡಿಸಲು ಉದ್ದ ಸಾಲು. ಕಾಸರಗೋಡಿನಿಂದ, ಕೊಡಗಿನಿಂದ, ಚಿಕ್ಕಮಗಳೂರಿನಿಂದ ರಾತ್ರಿಯೇ ಹೊರಟು ಬಂದವರೂ ಅದರಲ್ಲಿರುತ್ತಾರೆ. ಒಳಗೆ ವಾರ್ಡಿನಲ್ಲಿ ಬಿಳಿ ಕೋಟು ಹಾಕಿದ ಹುಡುಗ ಹುಡುಗಿಯರು ಪ್ರೊಫೆಸರ್ ಹಿಂದೆ ಮಂಚದಿಂದ ಮಂಚಕ್ಕೆ ಹೋಗುತ್ತಿರುತ್ತಾರೆ. ಆಸ್ಪತ್ರೆ ಸರ್ಕಾರದ್ದು. ಹುಡುಗರು ಖಾಸಗಿ ಕಾಲೇಜಿನವರು, ಕಸ್ತೂರಬಾ ಮೆಡಿಕಲ್ ಕಾಲೇಜಿನವರು. ನಮಗೆ ಇದು ಎಷ್ಟು ರೂಢಿಯಾಗಿದೆ ಅಂದರೆ, ಹೀಗೆ ಯಾಕೆ ಅಂತ ಯಾರೂ ಕೇಳುವುದಿಲ್ಲ.

ವಿಶ್ವವಿದ್ಯಾಲಯಗಳು ಸುತ್ತಲಿನ ಊರಿನ ಜೊತೆ ಕೈಜೋಡಿಸಬೇಕು ಅನ್ನುವ ಮಾತು ಈಗ ಜಾಸ್ತಿ ಕೇಳುತ್ತಿದೆ. ನಮ್ಮ ಕರಾವಳಿಯ ಮಟ್ಟಿಗೆ ಆ ಕಥೆಯನ್ನು ಈ ವಾರ್ಡಿನಿಂದಲೇ ಶುರು ಮಾಡಬೇಕು.

ಮಣಿಪಾಲ ಆಗ ಬೋಳುಗುಡ್ಡೆ. ಮಣ್ಣು ಇರುವ ಪಳ್ಳ, ಅಂದರೆ ಕೆರೆ, ಅದರಿಂದಲೇ ಊರಿಗೆ ಆ ಹೆಸರು ಬಂತು ಅನ್ನುತ್ತಾರೆ. ಮಣ್ಣಪಳ್ಳ ಈಗಲೂ ಇದೆ, ಸಂಜೆ ಜನ ಅದರ ಸುತ್ತ ವಾಕಿಂಗ್ ಮಾಡುತ್ತಾರೆ. ಆ ಗುಡ್ಡೆಯ ಮೇಲೆ ಡಾ. ಟಿ.ಎಂ.ಎ. ಪೈ 1953ರಲ್ಲಿ ಈ ಕಸ್ತೂರಬಾ ಮೆಡಿಕಲ್ ಕಾಲೇಜು ತೆರೆದರು. ದೇಶದಲ್ಲಿ ಖಾಸಗಿಯವರು ತಮ್ಮದೇ ದುಡ್ಡಿನಲ್ಲಿ ನಡೆಸಿದ ಮೊದಲ ಮೆಡಿಕಲ್ ಕಾಲೇಜುಗಳಲ್ಲಿ ಅದೂ ಒಂದು. ಕಾಲೇಜೇನೋ ಆಯಿತು. ಆದರೆ ದೊಡ್ಡ ಆಸ್ಪತ್ರೆ ಇರಲಿಲ್ಲ. ಮೊದಲ ವರ್ಷಗಳ ಪಾಠವನ್ನು ಗುಡ್ಡೆಯ ಮೇಲೆ ಮಾಡಬಹುದು. ಜ್ವರ ಬಂದವರನ್ನು, ಮೂಳೆ ಮುರಿದವರನ್ನು, ಹೆರಿಗೆಗೆ ಬಂದವರನ್ನು ನೋಡದೆ ಡಾಕ್ಟರ್ ಆಗುವುದು ಹೇಗೆ?

ಅರವತ್ತು ಕಿಲೋಮೀಟರ್ ದೂರದ ಮಂಗಳೂರಿನಲ್ಲಿ ಎರಡು ಸರ್ಕಾರಿ ಆಸ್ಪತ್ರೆಗಳಿದ್ದವು. ಒಂದು 1848ರಷ್ಟು ಹಳೆಯ ವೆನ್‌ಲಾಕ್, ಇನ್ನೊಂದು ಹೆಂಗಸರ ಲೇಡಿಗೋಷನ್. ಜಿಲ್ಲೆ ಆಗ ಮದ್ರಾಸಿಗೆ ಸೇರಿತ್ತು. ಸರ್ಕಾರ ಒಪ್ಪಿತು. ವಿದ್ಯಾರ್ಥಿಗಳು ಮಣಿಪಾಲದಲ್ಲಿ ಓದಿ, ಆಮೇಲೆ ಮಂಗಳೂರಿಗೆ ಇಳಿದು ವಾರ್ಡಿನಲ್ಲಿ ಕಲಿತರು. ಕಾಲೇಜಿಗೆ ರೋಗಿಗಳು ಸಿಕ್ಕರು, ರೋಗಿಗಳಿಗೆ ಕಾಲೇಜಿನ ಪ್ರೊಫೆಸರ್‌ಗಳು ಸಿಕ್ಕರು. ಎಪ್ಪತ್ತು ವರ್ಷ ಆದರೂ ಆ ಏರ್ಪಾಡು ಮುಗಿದಿಲ್ಲ. ಅದು ಇಷ್ಟು ಕಾಲ ಬಾಳಿದ್ದಕ್ಕೆ ನನಗೆ ಕಾಣುವ ಕಾರಣ ಇದು: ಎರಡೂ ಕಡೆಯವರಿಗೆ ಕೊರತೆ ಇತ್ತು, ಎರಡೂ ಕಡೆಯವರು ಅದನ್ನು ಒಪ್ಪಿಕೊಂಡರು.

ಜನರ ಮನೆ ಬಾಗಿಲಿಗೆ ಹೋಗುವುದು ಪೈ ಅವರಿಗೆ ಹೊಸದಾಗಿರಲಿಲ್ಲ. 1925ರಲ್ಲಿ ಉಡುಪಿಯಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. 1928ರಲ್ಲಿ ಅದು ಪಿಗ್ಮಿ ಠೇವಣಿ ತಂದಿತು. ಏಜೆಂಟರು ದಿನಾ ಮನೆಗೆ, ಅಂಗಡಿಗೆ ಬಂದು ಎರಡಾಣೆ ಕೊಟ್ಟರೂ ಬರೆದುಕೊಂಡು ಹೋಗುತ್ತಿದ್ದರು. ಎರಡಾಣೆ ಕೊಡುವವರನ್ನೂ ಲೆಕ್ಕಕ್ಕೆ ತೆಗೆದುಕೊಂಡ ಬ್ಯಾಂಕು ಅದು. ಆ ಬುದ್ಧಿ ಕಾಲೇಜಿಗೂ ಬಂತು ಅಂತ ನನಗನಿಸುತ್ತದೆ.

1961ರಲ್ಲಿ ಮಣಿಪಾಲದಲ್ಲೇ ಕಸ್ತೂರಬಾ ಆಸ್ಪತ್ರೆ ತೆರೆಯಿತು. ಮುಂದೆ ಮಲ್ಪೆ, ಉದ್ಯಾವರ, ಅಲೆವೂರಿನಂಥ ಊರುಗಳಲ್ಲಿ ಕಾಲೇಜಿನ ತಾಯಿ-ಮಕ್ಕಳ ಆರೈಕೆ ಕೇಂದ್ರಗಳು ಬಂದವು. ಗರ್ಭಿಣಿಯರ ತಪಾಸಣೆ, ಮಕ್ಕಳಿಗೆ ಲಸಿಕೆ ಎಲ್ಲ ಊರಿನ ಹತ್ತಿರವೇ ಆಯಿತು. ವಿದ್ಯಾರ್ಥಿಗಳು ಮನೆ ಮನೆಗೆ ಹೋದರು. ಮೀನುಗಾರರ ಮನೆಯ ಅಡುಗೆಮನೆ ನೋಡದ ಡಾಕ್ಟರ್, ಅಲ್ಲಿನ ಬಸುರಿಗೆ ಏನು ಪಥ್ಯ ಹೇಳಿಯಾನು?

ಆಸ್ಪತ್ರೆಯ ಮಾತು ಸುಲಭ. ಜನರಿಗೆ ಔಷಧಿ ಬೇಕು, ಕಾಲೇಜಿನಲ್ಲಿ ಅದಿದೆ. ಕಾಲೇಜಿನಲ್ಲಿ ಇಲ್ಲದೆ ಊರಿನವರ ಹತ್ತಿರ ಮಾತ್ರ ಇದ್ದದ್ದನ್ನು ಕಾಲೇಜು ಕೇಳಿ ಪಡೆದ ಕೆಲಸ ಒಂದಿದೆ. ನನಗೆ ಅದೇ ಹೆಚ್ಚು ಇಷ್ಟ.

ಉಡುಪಿಯ ಎಂಜಿಎಂ ಕಾಲೇಜು 1949ರದ್ದು. ಅಲ್ಲಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ 1979ರಲ್ಲಿ ತುಳು ನಿಘಂಟಿನ ಕೆಲಸ ಶುರುವಾಯಿತು. ಪ್ರಿನ್ಸಿಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರು ಬೆನ್ನಿಗೆ ನಿಂತರು, ಯು.ಪಿ. ಉಪಾಧ್ಯಾಯರು ಪ್ರಧಾನ ಸಂಪಾದಕರಾದರು. ತುಳು ಮನೆಯಲ್ಲಿ, ಗದ್ದೆಯಲ್ಲಿ, ಕೋಲದ ಅಂಗಳದಲ್ಲಿ ಬದುಕಿದ ಭಾಷೆ. ಲೈಬ್ರರಿಯ ಪುಸ್ತಕಗಳಲ್ಲಿ ಹುಡುಕಿದರೆ ಎಷ್ಟು ಪದ ಸಿಕ್ಕೀತು? ಕಾಲೇಜಿನವರು ಹಳ್ಳಿಗೆ ಹೋಗಲೇಬೇಕಾಯಿತು. ಪಾಡ್ದನ, ಅಂದರೆ ತುಳು ಕಥನ ಹಾಡು, ಹೇಳುವ ಹೆಂಗಸರ ಹತ್ತಿರ, ಉಳುವವರ ಹತ್ತಿರ, ಮೂರ್ತೆ ಮಾಡುವ, ಅಂದರೆ ಮರದಿಂದ ಶೇಂದಿ ಇಳಿಸುವವರ ಹತ್ತಿರ, ಬಲೆ ಹಾಕುವವರ ಹತ್ತಿರ ಕೂತು ಕೇಳಬೇಕಾಯಿತು. ಒಂದೇ ವಸ್ತುವಿಗೆ ಒಂದೊಂದು ಕಡೆ ಒಂದೊಂದು ಮಾತು. ಎಲ್ಲವನ್ನೂ ಬರೆದುಕೊಂಡರು. ಮೊದಲ ಸಂಪುಟ 1988ರಲ್ಲಿ ಬಂತು, ಆರನೆಯದ್ದು 1997ರಲ್ಲಿ. ಹದಿನೆಂಟು ವರ್ಷದ ಕೆಲಸ!

ಇಲ್ಲಿ ಮೇಷ್ಟ್ರು ಯಾರು, ವಿದ್ಯಾರ್ಥಿ ಯಾರು? ಓದು ಬರಹ ಇಲ್ಲದ ಅಜ್ಜಿ ಹೇಳಿಕೊಟ್ಟರು, ಡಿಗ್ರಿ ಮಾಡಿದವರು ಕಲಿತರು. ಅದೇ ಕಾಲೇಜಿನ ಯಕ್ಷಗಾನ ಕೇಂದ್ರವೂ ಹಾಗೆಯೇ. ಮೇಳದಲ್ಲಿ ದುಡಿದ ಕಲಾವಿದರು ಅಲ್ಲಿ ಗುರುಗಳಾದರು. ಹಿರಿಯಡಕ ಗೋಪಾಲರಾಯರ ಮದ್ದಳೆಯ ಪಾಠ ಎಷ್ಟೋ ಜನರಿಗೆ ಅಲ್ಲೇ ಸಿಕ್ಕಿತು.

ಹೊತ್ತು ಹೋದಂತೆ ಈ ನಂಟಿಗೆ ಸರ್ಕಾರಿ ಹೆಸರುಗಳು ಬಂದವು. 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್ ಶುರುವಾಯಿತು. 1980ರಲ್ಲಿ ಕೊಣಾಜೆಯ ಸ್ನಾತಕೋತ್ತರ ಕೇಂದ್ರ ಮಂಗಳೂರು ವಿಶ್ವವಿದ್ಯಾಲಯವಾಯಿತು. 1994ರಲ್ಲಿ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಬಂತು, ಕಾಲೇಜು ಊರಿಗಾಗಿ ಏನು ಮಾಡಿತು ಅನ್ನುವುದಕ್ಕೂ ಅಂಕ ಬಂತು. 2014ರ ಉನ್ನತ ಭಾರತ ಅಭಿಯಾನದಲ್ಲಿ ಕಾಲೇಜುಗಳು ಹಳ್ಳಿಗಳನ್ನು ದತ್ತು ತೆಗೆದುಕೊಂಡವು. ಈ ದತ್ತು ಅನ್ನುವ ಮಾತು ನನಗೆ ಯಾವತ್ತೂ ಒಗ್ಗಿಲ್ಲ. ಕಾಲೇಜಿಗಿಂತ ನೂರಾರು ವರ್ಷ ಹಳೆಯ ಊರು ಅದು. ಅಪ್ಪ ಅಮ್ಮ ಇಲ್ಲದ ಮಗುವಾ ಅದು? ಒಳ್ಳೆಯ ಕೆಲಸ ಮಾಡಿದ ಎನ್‌ಎಸ್‌ಎಸ್ ಹುಡುಗರು ಬೇಕಾದಷ್ಟು ಜನ ಇದ್ದಾರೆ, ಅವರ ಬಗ್ಗೆ ಗೌರವ ಇದೆ. ಆದರೆ ಒಂದು ದಿನ ಬಂದು, ಬ್ಯಾನರ್ ಕಟ್ಟಿ, ಫೋಟೋ ತೆಗೆದು ಹೋದರೆ ಊರಿನವರಿಗೆ ಅದು ಗೊತ್ತಾಗುತ್ತದೆ, ಅಲ್ವಾ?

ನಡುವೆ ರೇಡಿಯೊ ಬಂದದ್ದು ಒಳ್ಳೆಯದಾಯಿತು. ಶಿಕ್ಷಣ ಸಂಸ್ಥೆಗಳು ಸಮುದಾಯ ಬಾನುಲಿ ನಡೆಸಬಹುದು ಅಂತ ಕೇಂದ್ರ ಸರ್ಕಾರ 2002ರಲ್ಲಿ ಒಪ್ಪಿತು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು, ಈಗ ವಿಶ್ವವಿದ್ಯಾಲಯ, 2009ರಲ್ಲಿ ಎಫ್ಎಂ 107.8ರಲ್ಲಿ ಸಾರಂಗ್ ಅನ್ನುವ ಬಾನುಲಿ ಶುರು ಮಾಡಿತು. ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲ ಅದರಲ್ಲಿ ಕೇಳುತ್ತದೆ. ಮಣಿಪಾಲದಲ್ಲೂ ಎಫ್ಎಂ 90.4ರಲ್ಲಿ ಇಂಥದೇ ಬಾನುಲಿ ಇದೆ. ಮೈಕಿನ ಮುಂದೆ ಊರಿನವರೇ ಕೂತು ಅವರ ಮನೆಮಾತಿನಲ್ಲಿ ಮಾತಾಡಿದರೆ, ಭಾಷಣಕ್ಕಿಂತ ಅದು ಎಷ್ಟೋ ಮೇಲು.

ಈಗಿನ ವಿಷಯಕ್ಕೆ ಬರೋಣ. ಮಣಿಪಾಲದಲ್ಲಿ ಆಗ ಬೋಳಾಗಿದ್ದ ಗುಡ್ಡೆಯ ಮೇಲೆ ಈಗ ಫ್ಲ್ಯಾಟುಗಳು. ಈಶ್ವರನಗರ, ವಿದ್ಯಾರತ್ನನಗರ, ಅನಂತನಗರದಲ್ಲಿ ಪಿಜಿ, ಹಾಸ್ಟೆಲು, ಹೋಟೆಲು. ಮಂಗಳೂರಿನ ಹತ್ತಿರ ದೇರಳಕಟ್ಟೆಯೂ ಕಾಲೇಜುಗಳಿಂದಲೇ ಬೆಳೆದ ಪೇಟೆ. ರೂಮು ಬಾಡಿಗೆಯಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ. ಅದೇ ಬಾಡಿಗೆಯಿಂದ, ಮಣಿಪಾಲದಲ್ಲಿ ಕೆಲಸಕ್ಕೆ ಹೋಗುವವರು ಪರ್ಕಳದ ಆಚೆ ಮನೆ ಹುಡುಕಬೇಕಾಗಿದೆ. ದೊಡ್ಡ ಕ್ಯಾಂಪಸ್ಸಿಗೆ ಈಗ ಆಸ್ಪತ್ರೆ ಇದೆ, ಬಸ್ಸಿದೆ, ಅಂಗಡಿ ಇದೆ. ಊರಿನಿಂದ ಬೇಕಾದ್ದು ಏನೂ ಇಲ್ಲ ಅನ್ನಿಸುವುದು ಸಹಜ.

ನೀರು ಮಾತ್ರ ಬೇಕು. ಮಣಿಪಾಲ ಉಡುಪಿ ನಗರಸಭೆಗೇ ಸೇರಿದ್ದು. ನಗರಕ್ಕೆ ಬಹುಕಾಲದಿಂದ ನೀರು ಬಂದದ್ದು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ. ಏಪ್ರಿಲ್ ಮುಗಿಯುವಾಗ ಅಲ್ಲಿ ಬಂಡೆ ಕಾಣತೊಡಗಿದರೆ ಹಾಸ್ಟೆಲಿಗೂ ಟ್ಯಾಂಕರ್, ಪಕ್ಕದ ಮನೆಗೂ ಟ್ಯಾಂಕರ್. ಗುಡ್ಡೆಯ ಮೇಲೆ 1957ರಿಂದ ಎಂಜಿನಿಯರಿಂಗ್ ಕಾಲೇಜು ಇದೆ, ನೀರಿನ ಲೆಕ್ಕ ಗೊತ್ತಿರುವವರು ಇದ್ದಾರೆ. ಯಾವ ಬಾವಿ ಮೇ ತಿಂಗಳಲ್ಲೂ ಬತ್ತುವುದಿಲ್ಲ, ಯಾವ ಮದಕ, ಅಂದರೆ ಕೆರೆ, ಎಲ್ಲಿ ಮುಚ್ಚಿಹೋಯಿತು, ಮಳೆ ನೀರು ಮೊದಲು ಯಾವ ತೋಡಿನಲ್ಲಿ ಹರಿಯುತ್ತಿತ್ತು ಅನ್ನುವುದು ಪೆರಂಪಳ್ಳಿಯ, ಪರ್ಕಳದ ಹಿರಿಯರಿಗೆ ಗೊತ್ತು. ನಿಘಂಟಿನವರ ಹಾಗೆ ನೋಟ್‌ಬುಕ್ ಹಿಡಿದು ಅವರ ಮನೆಯ ಜಗಲಿಯಲ್ಲಿ ಕೂರುವವರು ಬೇಕು. ಆ ಹಿರಿಯರಿಗೂ ವಯಸ್ಸಾಗುತ್ತಿದೆ.