ಒಂದು ಲೋಡ್ ಒಳ್ಳೇ ಕೆಂಪು ಮಣ್ಣು ಎಲ್ಲಿ ಸಿಗುತ್ತೆ?

ಪ್ರಶ್ನೆ: ಸರ್, ಮನೆ ಕಟ್ಟಿ ಗೃಹಪ್ರವೇಶ ಆಯ್ತು. ಮುಂದೆ 20 ಅಡಿ ಉದ್ದ, 15 ಅಡಿ ಅಗಲದ ಜಾಗ ಉಳಿದಿದೆ. ಲಾನ್ ಹಾಕಿ, ಅಂಚಿಗೆ ದಾಸವಾಳ, ಮಲ್ಲಿಗೆ ಇಡೋಣ ಅಂತ ಆಸೆ. ಒಂದು ಲೋಡ್ ಮಣ್ಣು ಬೇಕು. ಚೆನ್ನಾಗಿ ಕೆಂಪಗಿರೋದು ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ?

ಉತ್ತರ: ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ. ಏರಿಯಾ ಬೇರೆ, ಅಳತೆ ಬೇರೆ. ‘ಚೆನ್ನಾಗಿ ಕೆಂಪಗಿರೋದು’ ಅನ್ನೋ ಮಾತು ಮಾತ್ರ ಹಾಗೇ ಇರುತ್ತದೆ. ಮೊದಲು ಲೆಕ್ಕ ಮುಗಿಸೋಣ, ಜಗಳ ಆಮೇಲೆ.

ನಿಮ್ಮದು 300 ಚದರ ಅಡಿ. ಹುಲ್ಲಿಗೆ ಅರ್ಧ ಅಡಿ ಮಣ್ಣು ಸಾಕು. ಅಲ್ಲಿಗೆ 150 ಘನ ಅಡಿ. ನೀರು ಬಿದ್ದ ಮೇಲೆ ಮಣ್ಣು ಕೂರುತ್ತದೆ, ಅದಕ್ಕೆ ಐದನೇ ಒಂದು ಭಾಗ ಸೇರಿಸಿ, 180. ಮಣ್ಣು, ಮರಳಿನವರ ಬಾಯಲ್ಲಿ 100 ಘನ ಅಡಿ ಅಂದರೆ ಒಂದು ಯೂನಿಟ್. ನಿಮಗೆ ಬೇಕಿರುವುದು ಎರಡು ಯೂನಿಟ್‌ಗೂ ಸ್ವಲ್ಪ ಕಮ್ಮಿ. ಗೊಬ್ಬರದ ಪಾಲೂ ಅದರಲ್ಲೇ ಬಂತು.

‘ಲೋಡ್’ ಅನ್ನುವುದು ಅಳತೆಯಲ್ಲ. ಟ್ರ್ಯಾಕ್ಟರ್ ಟ್ರೇಲರ್‌ಗೂ ಲೋಡ್ ಅಂತಾರೆ, ಟಿಪ್ಪರ್‌ಗೂ ಲೋಡ್ ಅಂತಾರೆ. ಟೇಪ್ ಹಿಡಿದು ತೊಟ್ಟಿಯ ಉದ್ದ, ಅಗಲ, ಎತ್ತರ ಅಳೆಯಿರಿ. 10 ಅಡಿ ಉದ್ದ, ಐದೂವರೆ ಅಡಿ ಅಗಲ, 2 ಅಡಿ ಎತ್ತರ ಇದ್ದರೆ 110 ಘನ ಅಡಿ. ಅದೂ ಅಂಚಿನವರೆಗೆ ಸಮವಾಗಿ ತುಂಬಿದ್ದರೆ. ಡ್ರೈವರ್ ಮುಖ ಗಂಟು ಹಾಕಿಕೊಳ್ಳುತ್ತಾರೆ. ಹಾಕಿಕೊಳ್ಳಲಿ.

ಇನ್ನು ಬಣ್ಣದ ವಿಷಯ.

ನಮ್ಮ ಪಕ್ಕದ ಸೈಟಿನಲ್ಲಿ ಬೇಸ್‌ಮೆಂಟ್‌ಗೆ ಅಗೆದಾಗ ನಾನು ಗುಂಡಿಯ ಅಂಚಿಗೆ ಹೋಗಿ ನಿಂತಿದ್ದೆ. ಜೆಸಿಬಿ ಕೊಯ್ದ ಗೋಡೆಯಲ್ಲಿ ಮೂರು ಪಟ್ಟೆ ಕಾಣುತ್ತಿತ್ತು. ಮೇಲೆ ಒಂದು ಗೇಣಿನಷ್ಟು ಮಾತ್ರ ಕಂದು ಬಣ್ಣ. ಅದರ ತುಂಬ ಕೂದಲಿನಂಥ ಬೇರು, ಎರೆಹುಳದ ತೂತು. ಅದರ ಕೆಳಗೆ ಆಳೆತ್ತರಕ್ಕೂ ಜಾಸ್ತಿ, ಇಟ್ಟಿಗೆಯಂತೆ ಕೆಂಪನೆಯ ಮಣ್ಣು. ಒಂದು ಬೇರಿಲ್ಲ, ಒಂದು ತೂತಿಲ್ಲ. ತಳದಲ್ಲಿ ಬಂಡೆ ಕರಗಿ ಆದ ಗರಸು. ಜೆಸಿಬಿ ಮೂರನ್ನೂ ಒಟ್ಟಿಗೆ ಬಾಚಿ ಟಿಪ್ಪರ್‌ಗೆ ಸುರಿಯಿತು. ಆಳೆತ್ತರದ ಕೆಂಪಿನಲ್ಲಿ ಆ ಒಂದು ಗೇಣು ಎಲ್ಲಿ ಹೋಯಿತೋ ಗೊತ್ತಾಗಲೇ ಇಲ್ಲ. ಬೆಂಗಳೂರಿನಲ್ಲಿ ‘ಗಾರ್ಡನ್ ಮಣ್ಣು’ ಅಂತ ಮನೆಬಾಗಿಲಿಗೆ ಬರುವುದರಲ್ಲಿ ಇಂಥದ್ದೇ ಜಾಸ್ತಿ.

ಗಿಡಕ್ಕೆ ಬೇಕಾದದ್ದು ಆ ಗೇಣು. ಎಲೆ, ಬೇರು, ಸಗಣಿ ಕೊಳೆತು ಅಲ್ಲಿ ಸೇರಿಕೊಂಡಿರುತ್ತದೆ. ಹಾಗೆ ಕೊಳೆತದ್ದು ಕಪ್ಪು. ಅದು ಮಣ್ಣಿನ ಕಣಕ್ಕೆ ಮೆತ್ತಿಕೊಂಡರೆ ಕೆಂಪು ಮಂಕಾಗಿ ಕಂದಾಗುತ್ತದೆ. ಅಂದರೆ ನಮ್ಮ ಕಡೆಯ ಮಣ್ಣು ಕಣ್ಣು ಕುಕ್ಕುವಷ್ಟು ಕೆಂಪಗಿದೆ ಅಂದರೆ ಅದಕ್ಕೆ ಏನೂ ಮೆತ್ತಿಕೊಂಡಿಲ್ಲ ಅಂತ. ಆಳದಿಂದ ಬಂದದ್ದು ಅಂತ. ನೀವು ‘ಒಳ್ಳೇ ಕೆಂಪು’ ಅಂತ ಆರಿಸಿಕೊಳ್ಳುತ್ತಿರುವುದು ಅದೇ ಗುಂಡಿಯ ಅತಿ ಬಡ ಮಣ್ಣನ್ನು!

ಇದನ್ನು ಹೇಳಿದ ಕೂಡಲೇ ಬರುವ ಮೊದಲ ಅಡ್ಡಪ್ರಶ್ನೆ: ‘ಕೆಂಪು ಅಂದರೆ ಕಬ್ಬಿಣ ಅಲ್ವಾ? ಕಬ್ಬಿಣ ಗಿಡಕ್ಕೆ ಒಳ್ಳೇದಲ್ವಾ?’ ಕಬ್ಬಿಣ ಹೌದು. ಆದರೆ ತುಕ್ಕಿನ ರೂಪದ ಕಬ್ಬಿಣ, ಹೆಮಟೈಟ್. ನೀರಿನಲ್ಲಿ ಅದು ಕರಗುವುದೇ ಇಲ್ಲ ಅನ್ನುವಷ್ಟು ಕಮ್ಮಿ. ಗಿಡಕ್ಕೆ ಕಬ್ಬಿಣ ಬೇಕಿರುವುದೂ ಚಿಟಿಕೆಯಷ್ಟು. ಗಡಸು ಬೋರ್ ನೀರು ಹಾಕುವ ಮನೆಗಳಲ್ಲಿ ನೋಡಿ. ಕಡುಕೆಂಪು ಮಣ್ಣಿನಲ್ಲೇ ದಾಸವಾಳದ ಎಳೆ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದಿರುತ್ತದೆ. ಅದು ಕಬ್ಬಿಣ ಸಿಗದೆ ಒದ್ದಾಡುವ ಗಿಡ. ಸುತ್ತ ಮಣಗಟ್ಟಲೆ ಕಬ್ಬಿಣ ಇಟ್ಟುಕೊಂಡು!

ಎರಡನೆಯದು: ‘ಕೋಲಾರದ ಮಣ್ಣೂ ಕೆಂಪೇ ತಾನೇ? ಅಲ್ಲಿ ಟೊಮೆಟೊ, ಮಾವು, ರಾಗಿ ಬೆಳೆಯಲ್ವಾ?’ ಬೆಳೆಯುತ್ತದೆ. ಆದರೆ ಅಲ್ಲಿನ ರೈತ ಹೊಲಕ್ಕೆ ಗೊಬ್ಬರ ಹೊಡೆಯುವುದನ್ನು ನೋಡಿದ್ದೀರಾ? ತಿಪ್ಪೆ ಬಗೆದು, ಮಳೆಗೆ ಮುಂಚೆ ಹೊಲದ ತುಂಬ ಗುಡ್ಡೆ ಹಾಕಿ ಹರಡುತ್ತಾರೆ. ಅಷ್ಟು ವರ್ಷ ಹೊಟ್ಟೆ ತುಂಬಿಸಿದ ಮೇಲ್ಮಣ್ಣು ಅದು. ಅದನ್ನೂ, ನೆಲಮಾಳಿಗೆಯಿಂದ ಮೊನ್ನೆ ತಾನೇ ಎದ್ದು ಬಂದ ಮಣ್ಣನ್ನೂ ಬಣ್ಣ ನೋಡಿ ಒಂದೇ ಅನ್ನುವುದು ಯಾವ ನ್ಯಾಯ?

ಮೂರನೆಯದು: ‘ಹಾಗಾದರೆ ಕಪ್ಪು ಮಣ್ಣು ತರಿಸಲಾ?’ ಅಯ್ಯೋ, ಬೇಡ. ಗದಗ, ಧಾರವಾಡ ಕಡೆಯ ಎರೆ ಮಣ್ಣು ಕಪ್ಪಗಿರುವುದು ಕೊಳೆತ ಎಲೆಯ ಕೃಪೆಯಿಂದಲ್ಲ. ಅದರಲ್ಲಿ ಎಷ್ಟೋ ಕಡೆ ಸಾವಯವ ಅಂಶ ಕಮ್ಮಿಯೇ. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಹತ್ತಿಗೆ, ಬಿಳಿಜೋಳಕ್ಕೆ ಸರಿ. ನಿಮ್ಮ ಕಾಂಪೌಂಡ್ ಪಕ್ಕ ತಂದು ಸುರಿದರೆ ಕಾಂಪೌಂಡ್‌ಗೇ ಕಷ್ಟ.

ಇಷ್ಟೆಲ್ಲ ಗೊತ್ತಿರುವ ನಾನೂ ಒಮ್ಮೆ ಮೋಸ ಹೋಗಿದ್ದೇನೆ. ಗೊತ್ತಾಗಿದ್ದೇ ಹಾಗೆ. ನಮ್ಮ ಮೊದಲ ಲೋಡ್ ರಾತ್ರಿ ಬಂತು, ಬೆಳಿಗ್ಗೆ ನೋಡಿದರೆ ಅಂಗಳದ ತುಂಬ ಕುಂಕುಮ ಹರಡಿದ ಹಾಗಿತ್ತು. ನಮ್ಮಮ್ಮ ಒಂದು ಹಿಡಿ ತೆಗೆದು, ‘ರಂಗೋಲಿಗೆ ಕೆಮ್ಮಣ್ಣು ಬಳಿಯೋಕೆ ಚೆನ್ನಾಗಿದೆ’ ಅಂದರು. ಅವರ ಮಾತು ಅಲ್ಲಿಗೇ ಅರ್ಥವಾಗಬೇಕಿತ್ತು. ಎರಡು ಮಳೆ ಬಿದ್ದು ಬಿಸಿಲು ಬಂದ ಮೇಲೆ ಮೇಲುಗಡೆ ಹಪ್ಪಳದಂತೆ ಪದರ ಕಟ್ಟಿತು. ನೀರು ಹಾಕಿದರೆ ಇಳಿಯದೆ ಗೇಟಿನ ಕಡೆ ಹರಿಯಿತು. ಹುಲ್ಲು ಅಲ್ಲಲ್ಲಿ ತೇಪೆಯಂತೆ ಉಳಿಯಿತು.

ಹಾಗಾದರೆ ಕೊಳ್ಳುವಾಗ ನೋಡುವುದು ಏನನ್ನು? ಲೋಡ್ ಹೇಳುವ ಮುಂಚೆ ಗುಡ್ಡೆ ಇರುವಲ್ಲಿಗೆ ಹೋಗಿ. ಮೇಲಿನದು ಬಿಟ್ಟು ಒಳಗಿನಿಂದ ನಿಂಬೆಹಣ್ಣಿನ ಗಾತ್ರದ ಒಂದು ಹೆಂಟೆ ತನ್ನಿ. ಮನೆಯ ಹಳೇ ಹೂಕುಂಡದಿಂದ ಇನ್ನೊಂದು. ಎರಡನ್ನೂ ಎರಡು ದಿನ ಒಣಗಿಸಿ, ಎರಡು ಗಾಜಿನ ಲೋಟದ ನೀರಿಗೆ ಮೆಲ್ಲಗೆ ಬಿಡಿ. ಜೀವ ಇರುವ ಮಣ್ಣಿನ ಹೆಂಟೆ ಗುಳ್ಳೆ ಬಿಡುತ್ತಾ ಬಹಳ ಹೊತ್ತು ಆಕಾರ ಹಿಡಿದುಕೊಂಡಿರುತ್ತದೆ. ಆಳದ ಮಣ್ಣು ಕಾಫಿಗೆ ಅದ್ದಿದ ಬಿಸ್ಕತ್ತಿನಂತೆ ನೋಡನೋಡುತ್ತಲೇ ಕುಸಿದು, ನೀರೆಲ್ಲ ರಾಡಿಯಾಗುತ್ತದೆ. ಮಕ್ಕಳಿದ್ದರೆ ಕರೆದು ತೋರಿಸಿ, ನಾನು ಶಾಲೆಗಳಲ್ಲಿ ಇದನ್ನೇ ಮಾಡಿಸುವುದು. ಚಪ್ಪಾಳೆ ಗ್ಯಾರಂಟಿ.

ಅಂಕಿಯೇ ಬೇಕು ಅನ್ನುವವರು ಮಣ್ಣು ಪರೀಕ್ಷೆ ಮಾಡಿಸಬಹುದು. ಜಿಕೆವಿಕೆ ಆವರಣದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ, ಕೃಷಿ ಇಲಾಖೆಯ ಪ್ರಯೋಗಾಲಯಗಳಲ್ಲಿ ಆ ವ್ಯವಸ್ಥೆ ಇದೆ. ವರದಿಯಲ್ಲಿ ‘ಸಾವಯವ ಇಂಗಾಲ’ ಅನ್ನುವ ಸಾಲು ಹುಡುಕಿ. ಶೇ 0.5ಕ್ಕಿಂತ ಕೆಳಗಿದ್ದರೆ ಕಮ್ಮಿ, 0.75ಕ್ಕಿಂತ ಮೇಲಿದ್ದರೆ ಜಾಸ್ತಿ. ಬಣ್ಣಕ್ಕೆ ಆ ಕಾಗದದಲ್ಲಿ ಅಂಕಗಳಿಲ್ಲ.

ಗುಡ್ಡೆಯಲ್ಲಿ ಕೈಯಾಡಿಸುವಾಗ ಕಪ್ಪು ಮಣಿಯಂಥ ಗಡ್ಡೆಗಳು ಸಿಕ್ಕರೆ ಅದು ಜೇಕು ಅನ್ನೋ ಕಳೆ. ಎಷ್ಟೇ ಅಗ್ಗವಾದರೂ ವಾಪಸ್ ಬನ್ನಿ. ಲಾನ್‌ಗೆ ಜೇಕು ಹೊಕ್ಕರೆ ನೀವು ಮನೆ ಮಾರಿ ಹೋಗಬೇಕಾಗುತ್ತದೆ, ಅದು ಹೋಗುವುದಿಲ್ಲ. ಕೆರೆ ಗೋಡು ಕೊಡ್ತೀವಿ ಅಂತ ಯಾರಾದರೂ ಬಂದರೆ ಯಾವ ಕೆರೆ ಅಂತ ಕೇಳಿ. ಹಳ್ಳಿ ಕೆರೆಯದಾದರೆ ಕಣ್ಣಿಗೊತ್ತಿಕೊಂಡು ತಗೊಳ್ಳಿ. ಚರಂಡಿ ಸೇರುವ ಊರೊಳಗಿನ ಕೆರೆಯದು ಬೇಡವೇ ಬೇಡ.

ಇಷ್ಟಾದರೂ ನಿಮಗೆ ಸಿಗುವುದು ಬಹುಶಃ ಆ ಕೆಂಪು ಮಣ್ಣೇ. ಬೇಜಾರಿಲ್ಲ. ಅದನ್ನು ಹಳ್ಳ ತುಂಬಿಸುವ ಸಾಮಾನು ಅಂದುಕೊಂಡು ತನ್ನಿ, ದುಡ್ಡನ್ನು ಗೊಬ್ಬರಕ್ಕೆ ಇಟ್ಟುಕೊಳ್ಳಿ. ಲಾನ್‌ಗೆ ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಅಂಚಿನ ಹೂವಿನ ಗಿಡಗಳಿಗೆ ಎರಡಕ್ಕೆ ಒಂದು. ಕಳಿತದ್ದು ಅಂದರೆ ಕೈ ಒಳಗೆ ತೂರಿಸಿದರೆ ಬಿಸಿ ಇರಬಾರದು, ಸಗಣಿ ವಾಸನೆ ಬರಬಾರದು, ಟೀ ಪುಡಿಯಂತೆ ಉದುರಬೇಕು. ಹಸಿ ಗೊಬ್ಬರ ತಂದರೆ ಜೊತೆಗೆ ಗೊಣ್ಣೆಹುಳ ಫ್ರೀ.

ಸುರಿಯುವ ಮುಂಚೆ ನಿಮ್ಮ ನೆಲವನ್ನೂ ಒಂದು ಗುದ್ದಲಿ ಆಳ ಅಗೆಸಿ. ಗಾರೆಯವರು ಬಿಟ್ಟುಹೋದ ಸಿಮೆಂಟ್ ಚಕ್ಕೆ, ಜಲ್ಲಿ, ಟೈಲ್ಸ್ ಚೂರು ಇರುತ್ತದೆ. ಅದರ ಮೇಲೇ ಮಣ್ಣು ಹೊದಿಸಿ ಆಮೇಲೆ ನನಗೆ ಫೋಟೋ ಕಳಿಸಬೇಡಿ.

ನೀವು ಕೇಳಲಿಲ್ಲ, ಆದರೂ ಒಂದು ಮಾತು. ಎರಡು ಯೂನಿಟ್ ತರಿಸಿದವರ ಮನೆಯಲ್ಲಿ ಒಂದಷ್ಟು ಮಣ್ಣು ಮಿಕ್ಕೇ ಮಿಕ್ಕುತ್ತದೆ. ಅದು ಬುಟ್ಟಿ ಬುಟ್ಟಿಯಾಗಿ ಟೆರೇಸ್ ಹತ್ತುತ್ತದೆ. ಪ್ಯಾರಪೆಟ್‌ಗೆ ಒತ್ತಿಕೊಂಡು ಎರಡು ಸಾಲು ಇಟ್ಟಿಗೆ ಕಟ್ಟಿ, ಒಂದಡಿ ಮಣ್ಣು ತುಂಬಿ, ಸೊಪ್ಪು ಹಾಕುತ್ತಾರೆ. ಒದ್ದೆ ಮಣ್ಣು ಒಂದು ಘನ ಅಡಿಗೆ ಸುಮಾರು 50 ಕೆಜಿ ತೂಗುತ್ತದೆ. ಓಡಾಡುವ ಟೆರೇಸಿಗೆ ಸಾಮಾನ್ಯವಾಗಿ ಲೆಕ್ಕ ಹಾಕಿರುವ ಹೆಚ್ಚುವರಿ ಭಾರ ಚದರ ಮೀಟರ್‌ಗೆ 150 ಕೆಜಿ, ಅಂದರೆ ಚದರ ಅಡಿಗೆ 14 ಕೆಜಿ. ಮೂರೂವರೆ ಪಟ್ಟು ಆಯ್ತಲ್ಲ? ಮೊದಲ ಮಳೆಗಾಲದಲ್ಲಿ ಕೆಳಗಿನ ಬೆಡ್‌ರೂಮಿನ ಸೀಲಿಂಗ್‌ನಲ್ಲಿ ತೇವದ ಗುರುತು ಕಂಡಾಗ ಪೇಂಟಿನವರನ್ನು ಬೈಯುತ್ತಾರೆ.

ಮೇಲಕ್ಕೆ ಬೇಕಾದರೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಜಾಸ್ತಿ ಹಾಕಿ, ಮಣ್ಣು ಕಮ್ಮಿ ಮಾಡಿ ಗ್ರೋಬ್ಯಾಗ್ ತುಂಬಿ. ಅವನ್ನು ಸ್ಲ್ಯಾಬಿನ ನಡುವೆ ಇಡದೆ, ಬೀಮ್ ಹಾದುಹೋಗುವ ಕಡೆ ಸ್ಟ್ಯಾಂಡಿನ ಮೇಲೆ ಇಡಿ. ಬೀಮ್ ಎಲ್ಲಿದೆ ಅಂತ ನನ್ನನ್ನು ಕೇಳಬೇಡಿ, ನಿಮ್ಮ ಎಂಜಿನಿಯರ್ ಹತ್ತಿರ ಡ್ರಾಯಿಂಗ್ ಇರುತ್ತದೆ. ಮಿಕ್ಕ ಕೆಂಪು ಮಣ್ಣನ್ನು ಕಾಂಪೌಂಡ್ ಮೂಲೆಯಲ್ಲಿ ಗುಡ್ಡೆ ಮಾಡಿ, ದಿನಾ ಅಡುಗೆಮನೆಯ ಸಿಪ್ಪೆ ಹಾಕಿದ ಮೇಲೆ ಒಂದು ಬೊಗಸೆ ಮುಚ್ಚುತ್ತಾ ಬನ್ನಿ. ಬರುವ ದೀಪಾವಳಿ ಹೊತ್ತಿಗೆ ಅದರ ಬಣ್ಣ ನೋಡಿ.