ಓದುಗರ ಪ್ರಶ್ನೆ: ಪಾಠ ಹೇಳುವ ಕಾಲೇಜಿನಲ್ಲಿ ಜೀತ ಎಲ್ಲಿಂದ ಬರಬೇಕು?

ಪ್ರಶ್ನೆ: ನಾನು ಕಾಲೇಜೊಂದರ ಖರೀದಿ ವಿಭಾಗದಲ್ಲಿದ್ದೇನೆ. ಆಧುನಿಕ ಗುಲಾಮಗಿರಿಯನ್ನು ಸಹಿಸುವುದಿಲ್ಲ ಎಂಬ ಹೇಳಿಕೆಗೆ ನಮ್ಮ ಆಡಳಿತ ಮಂಡಳಿ ಸಹಿ ಹಾಕಿದೆ. ಪೂರೈಕೆದಾರರೆಲ್ಲರಿಂದ ಒಪ್ಪಿಗೆ ಪತ್ರವನ್ನೂ ಬರೆಸಿಕೊಂಡಿದ್ದೇವೆ. ಪಾಠ ಹೇಳುವ ಸಂಸ್ಥೆಗೆ ಜೀತ ಎಲ್ಲಿಂದ ಬರಬೇಕು? ನಾವು ಇನ್ನೇನು ಮಾಡಬೇಕು?

ಉತ್ತರ: ಹೆಚ್ಚಿನ ಸಲ ಅದು ಸಾಲದ ಜೊತೆಗೇ ಬರುತ್ತದೆ. ಕೆಲಸವಿಲ್ಲದ ಒಬ್ಬ ಮನುಷ್ಯ ದಲ್ಲಾಳಿಯ ಮಾತು ನಂಬಿ, ಬಡ್ಡಿಗೆ ಹಣ ತಂದು ಅವನ ಕೈಗಿಟ್ಟು, ಪರದೇಶಕ್ಕೆ ಹೊರಡುತ್ತಾನೆ. ಹೋದ ಮೇಲೆ, ಹೇಳಿದ ಸಂಬಳಕ್ಕೂ ಕೈಗೆ ಬರುವ ಸಂಬಳಕ್ಕೂ ತಾಳೆಯಾಗುವುದಿಲ್ಲ. ಪಾಸ್‌ಪೋರ್ಟ್ ಗುತ್ತಿಗೆದಾರನ ಬೀರುವಿನಲ್ಲಿರುತ್ತದೆ. ಕೆಲಸ ಬಿಟ್ಟರೆ ಸಾಲ ತೀರದು. ಸಾಲ ತೀರಿಸದೆ ಮನೆಯವರಿಗೆ ಮುಖ ತೋರಿಸಲಾಗದು. ನಮ್ಮ ‘ಜೀತ’ ಎಂಬ ಪದ ಈ ಸ್ಥಿತಿಯನ್ನು ‘ಗುಲಾಮಗಿರಿ’ಗಿಂತ ನಿಖರವಾಗಿ ಹಿಡಿಯುತ್ತದೆ ಎಂದು ನನಗೆ ಅನಿಸುತ್ತದೆ. ಮುಂಗಡ ಕೊಟ್ಟವನು ದುಡಿಮೆಗೇ ಒಡೆಯನಾಗುವ ಸಂಗತಿ ಆ ಪದದಲ್ಲೇ ಇದೆ. ಹೀಗೆ ಸಿಕ್ಕಿಬಿದ್ದವರು ಹೊಲಿದ ಲ್ಯಾಬ್ ಕೋಟು, ಜೋಡಿಸಿದ ಕಂಪ್ಯೂಟರ್, ಒರೆಸಿದ ನೆಲ ನಿಮ್ಮ ಕಾಲೇಜಿನಲ್ಲೂ ಇರಬಹುದು.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಅದರ ಸಹಸಂಸ್ಥೆಗಳು 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2021ರಲ್ಲಿ ಜಗತ್ತಿನಲ್ಲಿ 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿದ್ದರು. ಅವರಲ್ಲಿ ಶೇ 86ರಷ್ಟು ಮಂದಿ ಖಾಸಗಿ ವಲಯದಲ್ಲಿದ್ದವರು. ಅವರಲ್ಲಿ ಹಲವರು ನಾವು ನೀವು ಖರೀದಿಸುವ ಸರಕು ಮತ್ತು ಸೇವೆಗಳ ನಡುವೆಯೇ ಇದ್ದವರು.

ಇನ್ನು ನಿಮ್ಮ ಹೇಳಿಕೆಯ ವಿಚಾರ. ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ, ವಾರ್ಷಿಕ ವಹಿವಾಟು 3.6 ಕೋಟಿ ಪೌಂಡ್ ಮುಟ್ಟಿದ ಸಂಸ್ಥೆಗಳು ಪ್ರತಿವರ್ಷ ಇಂಥ ಹೇಳಿಕೆ ಹೊರಡಿಸಬೇಕು. ಅಲ್ಲಿನ ದೊಡ್ಡ ವಿಶ್ವವಿದ್ಯಾಲಯಗಳೂ ಇದನ್ನು ಪ್ರಕಟಿಸುತ್ತವೆ. ಆಸ್ಟ್ರೇಲಿಯಾ 2018ರಲ್ಲಿ ಇದೇ ಬಗೆಯ ಕಾನೂನು ತಂದಿತು. ಆದರೆ ಬ್ರಿಟನ್ನಿನ ಕಾಯ್ದೆಯಲ್ಲಿ ಒಂದು ವಿಚಿತ್ರ ಅವಕಾಶವಿದೆ: ‘ನಾವು ಯಾವ ಕ್ರಮವನ್ನೂ ಕೈಗೊಂಡಿಲ್ಲ’ ಎಂದು ಬರೆದು ಪ್ರಕಟಿಸಿದರೂ ಕಾನೂನು ಪಾಲಿಸಿದಂತಾಗುತ್ತದೆ. ಹೇಳಿಕೆಯೊಂದರಿಂದಲೇ ಯಾರ ಬದುಕೂ ಬದಲಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಪೂರೈಕೆದಾರರಿಂದ ಬರೆಸಿಕೊಂಡ ಒಪ್ಪಿಗೆ ಪತ್ರದ ಬಲವೂ ಅಷ್ಟೇ. ಜೀತಕ್ಕಿಟ್ಟುಕೊಂಡವನು ‘ಹೌದು, ಇಟ್ಟುಕೊಂಡಿದ್ದೇನೆ’ ಎಂದು ಎಂದೂ ಬರೆದುಕೊಡುವುದಿಲ್ಲ.

ಆದ್ದರಿಂದ ಹುಡುಕಾಟವನ್ನು ಕ್ಯಾಂಪಸ್ಸಿನೊಳಗಿಂದಲೇ ಶುರುಮಾಡಿ. ಶೌಚಾಲಯ ತೊಳೆಯುವವರು, ರಾತ್ರಿ ಪಾಳಿಯ ಕಾವಲುಗಾರರು, ಹಾಸ್ಟೆಲ್ ಅಡುಗೆಮನೆಯವರು, ಹೊಸ ಕಟ್ಟಡಕ್ಕೆ ಕಲ್ಲು ಹೊರುವವರು, ಇವರಲ್ಲಿ ಎಷ್ಟು ಮಂದಿಯ ಹೆಸರು ನಿಮ್ಮ ವೇತನ ಪಟ್ಟಿಯಲ್ಲಿದೆ? ಬಹುತೇಕ ಕಡೆ ಇವರು ಗುತ್ತಿಗೆದಾರನ ಆಳುಗಳು. ಗುತ್ತಿಗೆದಾರ ಒಳಗುತ್ತಿಗೆ ಕೊಟ್ಟಿದ್ದರೆ ಇನ್ಯಾರದೋ ಆಳುಗಳು. ಗುತ್ತಿಗೆಯ ಮೆಟ್ಟಿಲು ಒಂದೊಂದು ಇಳಿದಂತೆ ಹೊಣೆಯೂ ಕೈಜಾರುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಬಲವಂತದ ದುಡಿಮೆಗೆ 11 ಸೂಚಕಗಳನ್ನು ಗುರುತಿಸಿದೆ. ಗುರುತಿನ ದಾಖಲೆ ಕಿತ್ತಿಟ್ಟುಕೊಳ್ಳುವುದು, ಸಂಬಳ ತಡೆಹಿಡಿಯುವುದು, ಸಾಲದಲ್ಲಿ ಸಿಲುಕಿಸುವುದು, ಬೆದರಿಸುವುದು, ಓಡಾಟ ನಿರ್ಬಂಧಿಸುವುದು, ಮಿತಿಮೀರಿ ದುಡಿಸುವುದು ಅವುಗಳಲ್ಲಿ ಕೆಲವು. ಹಲವರ ಸಂಬಳ ಒಂದೇ ಬ್ಯಾಂಕ್ ಖಾತೆಗೆ ಹೋಗುತ್ತಿದ್ದರೆ, ಎಲ್ಲರನ್ನೂ ಒಂದೇ ವ್ಯಾನಿನಲ್ಲಿ ಕರೆತಂದು ಅದರಲ್ಲೇ ಒಯ್ಯುತ್ತಿದ್ದರೆ, ನೀವು ಮಾತನಾಡಿಸಿದಾಗಲೆಲ್ಲ ಮೇಸ್ತ್ರಿಯೇ ಉತ್ತರಿಸುತ್ತಿದ್ದರೆ ಅಲ್ಲಿ ನಿಂತು ವಿಚಾರಿಸಬೇಕು.

ವಿಚಾರಿಸುವಾಗ ಮರೆಯಬಾರದ ಪ್ರಶ್ನೆ ಒಂದಿದೆ: ‘ಈ ಕೆಲಸ ಸಿಗಲು ನೀವು ಯಾರಿಗೆ ಎಷ್ಟು ಹಣ ಕೊಟ್ಟಿರಿ?’ 1997ರ ಅಂತರರಾಷ್ಟ್ರೀಯ ಒಡಂಬಡಿಕೆಯೊಂದು ಖಾಸಗಿ ಉದ್ಯೋಗ ಸಂಸ್ಥೆಗಳು ಕಾರ್ಮಿಕರಿಂದ ಶುಲ್ಕ ಪಡೆಯಬಾರದು ಎನ್ನುತ್ತದೆ; ನೇಮಕದ ಖರ್ಚು ನೇಮಿಸಿಕೊಳ್ಳುವವರದು. ಈ ಪ್ರಶ್ನೆಯನ್ನು ಮೇಲ್ವಿಚಾರಕರು ಇಲ್ಲದ ಜಾಗದಲ್ಲಿ, ಕಾರ್ಮಿಕರ ಭಾಷೆಯಲ್ಲಿ, ಅವರಿಗೆ ನಂಬಿಕೆಯಿರುವವರು ಕೇಳಬೇಕು. ದೂರು ಕೊಟ್ಟವನು ಮರುದಿನ ಕೆಲಸ ಕಳೆದುಕೊಂಡರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ದೂರುದಾರರ ರಕ್ಷಣೆಯನ್ನು ಗುತ್ತಿಗೆ ಕರಾರಿನಲ್ಲೇ ಬರೆಯಿರಿ.

ಖರೀದಿ ವಿಭಾಗದವರಾದ ನಿಮಗೆ ನೇರವಾಗಿ ಹೇಳಬೇಕಾದ ಒಂದು ಮಾತಿದೆ. ಟೆಂಡರಿನಲ್ಲಿ ಎಲ್ಲಕ್ಕಿಂತ ಕಡಿಮೆ ದರ ನಮೂದಿಸಿದವರಿಗೇ ಕೆಲಸ ಕೊಡುತ್ತೀರಲ್ಲವೇ? ಕಾನೂನುಬದ್ಧ ಕನಿಷ್ಠ ವೇತನ, ರಜೆ, ವಿಮೆ, ಸಮವಸ್ತ್ರ ಎಲ್ಲವನ್ನೂ ಲೆಕ್ಕ ಹಾಕಿ ನೋಡಿ. ಆ ಮೊತ್ತಕ್ಕಿಂತಲೂ ಕೆಳಗಿನ ದರಕ್ಕೆ ಒಬ್ಬ ಒಪ್ಪಿದ್ದರೆ, ಉಳಿದದ್ದನ್ನು ಅವನು ಯಾರ ಸಂಬಳದಿಂದ ಕತ್ತರಿಸುತ್ತಾನೆ? ಬಿಲ್ ಪಾವತಿಯನ್ನು ತಿಂಗಳುಗಟ್ಟಲೆ ತಡಮಾಡಿದರೂ ಪರಿಣಾಮ ಅದೇ. ಟೆಂಡರಿಗೊಂದು ಕನಿಷ್ಠ ದರ ಗೊತ್ತುಪಡಿಸುವುದು, ಅನುಮತಿಯಿಲ್ಲದ ಒಳಗುತ್ತಿಗೆಯನ್ನು ನಿಷೇಧಿಸುವುದು, ವೇತನ ದಾಖಲೆ ಪರಿಶೀಲಿಸುವ ಹಕ್ಕನ್ನು ಕಾಲೇಜು ಉಳಿಸಿಕೊಳ್ಳುವುದು ನಿಮ್ಮ ಕೈಯಲ್ಲೇ ಇರುವ ಕೆಲಸಗಳು.

ದೂರದ ಸರಪಳಿಯನ್ನು ಪೂರ್ತಿ ಜಾಲಾಡಲು ಒಂದು ಕಾಲೇಜಿಗೆ ಸಾಧ್ಯವಿಲ್ಲ, ನಿಜ. ಹಾಗಾಗಿ ಅಪಾಯ ಹೆಚ್ಚಿರುವ ಕೆಲವೇ ವಸ್ತುಗಳನ್ನು ಆರಿಸಿಕೊಳ್ಳಿ: ಎಲೆಕ್ಟ್ರಾನಿಕ್ ಉಪಕರಣ, ಬಟ್ಟೆ, ಪ್ರಯೋಗಾಲಯದ ರಬ್ಬರ್ ಕೈಗವಸು. ಹತ್ತಿಯ ಚರಿತ್ರೆ ಶಿಕ್ಷಣ ಸಂಸ್ಥೆಗಳಿಗೆ ವಿಶೇಷವಾಗಿ ನೋವು ತರುವಂಥದ್ದು. ಉಜ್ಬೇಕಿಸ್ತಾನದಲ್ಲಿ ಕೊಯ್ಲಿನ ಕಾಲಕ್ಕೆ ವಿದ್ಯಾರ್ಥಿಗಳನ್ನೂ ಶಿಕ್ಷಕರನ್ನೂ ಸರ್ಕಾರವೇ ಹತ್ತಿ ಬಿಡಿಸಲು ಹೊಲಕ್ಕೆ ಅಟ್ಟುತ್ತಿತ್ತು. ವರ್ಷಗಳ ಕಾಲ ನಡೆದ ಅಂತರರಾಷ್ಟ್ರೀಯ ಬಹಿಷ್ಕಾರ 2022ರ ಮಾರ್ಚ್‌ನಲ್ಲಿ, ಆ ಪದ್ಧತಿ ನಿಂತದ್ದು ಖಚಿತವಾದ ಮೇಲಷ್ಟೇ ಮುಗಿಯಿತು. ಕೊಳ್ಳುವವರ ಒತ್ತಡಕ್ಕೆ ಬೆಲೆಯಿದೆ. ಒಂಟಿಯಾಗಿ ಆಗದ್ದನ್ನು ಕೂಡಿ ಮಾಡಬಹುದು: ಕಾಲೇಜುಗಳ ಲಾಂಛನ ಹೊತ್ತ ಉಡುಪು ತಯಾರಾಗುವ ಕಾರ್ಖಾನೆಗಳನ್ನು ಪರಿಶೀಲಿಸಲು ಅಮೆರಿಕದಲ್ಲಿ 2000ದಲ್ಲಿ ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಎಂಬ ಸಂಸ್ಥೆ ಹುಟ್ಟಿತು. ಎಲೆಕ್ಟ್ರಾನಿಕ್ ವಸ್ತುಗಳ ತಯಾರಿಕೆಯ ಮೇಲೆ ಕಣ್ಣಿಡಲು ಎಲೆಕ್ಟ್ರಾನಿಕ್ಸ್ ವಾಚ್ ಎಂಬ ಸಂಸ್ಥೆ ಇದೆ. ವಿಶ್ವವಿದ್ಯಾಲಯಗಳೂ ಅದರ ಸದಸ್ಯರು.

ವಿದ್ಯಾರ್ಥಿಗಳನ್ನೂ ಮರೆಯಬೇಡಿ. ಏಜೆಂಟನಿಗೆ ಸಾಲ ಮಾಡಿ ಹಣ ಕೊಟ್ಟು ಪರದೇಶದಿಂದ ಬಂದ ಹುಡುಗಿ ತರಗತಿಯಲ್ಲಿ ದಿನವೂ ತೂಕಡಿಸುತ್ತಿದ್ದರೆ, ಗೈರುಹಾಜರಿಯ ನೋಟಿಸ್ ಕೊಡುವ ಮೊದಲು ಅವಳು ರಾತ್ರಿ ಎಲ್ಲಿ, ಯಾರ ಬಳಿ ದುಡಿಯುತ್ತಿದ್ದಾಳೆಂದು ಮೆಲ್ಲಗೆ ಕೇಳಿ.

ಜೀತ ನಿಜವಾಗಿ ಕಂಡುಬಂದರೆ? ತಕ್ಷಣ ಗುತ್ತಿಗೆ ರದ್ದುಪಡಿಸಿ ಕೈತೊಳೆದುಕೊಳ್ಳುವುದು ಅತಿ ಸುಲಭ, ಮತ್ತು ಹಲವು ಸಲ ಅತಿ ಕ್ರೂರ. ಸಾಲ ಹಾಗೇ ಉಳಿದು, ಇದ್ದ ಅಲ್ಪ ಸಂಬಳವೂ ಹೋಗುತ್ತದೆ. ಅಪಾಯದಲ್ಲಿರುವವರನ್ನು ಮೊದಲು ಸುರಕ್ಷಿತ ಜಾಗಕ್ಕೆ ಕರೆತನ್ನಿ. ಅವರೊಂದಿಗೆ ಮಾತನಾಡಿ, ಕಾರ್ಮಿಕ ಇಲಾಖೆ ಅಥವಾ ಪೊಲೀಸರಿಗೆ ತಿಳಿಸಿ. ಬಾಕಿ ವೇತನವನ್ನೂ ನೇಮಕಕ್ಕಾಗಿ ಅವರು ತೆತ್ತ ಹಣವನ್ನೂ ಗುತ್ತಿಗೆದಾರನಿಂದ ಹಿಂದಕ್ಕೆ ಕೊಡಿಸಿ. ಇದು ಆಗುವ ಮಾತೇ ಎಂದು ಕೇಳಬಹುದು. 2020ರ ಜುಲೈನಲ್ಲಿ ಅಮೆರಿಕದ ಸುಂಕ ಇಲಾಖೆ ಬಲವಂತದ ದುಡಿಮೆಯ ಶಂಕೆಯ ಮೇಲೆ ಮಲೇಷ್ಯಾದ ಟಾಪ್ ಗ್ಲೋವ್ ಕಂಪನಿಯ ಅಂಗಸಂಸ್ಥೆಗಳ ಕೈಗವಸುಗಳನ್ನು ತಡೆಹಿಡಿಯಿತು. ಆ ಬಳಿಕ ಕಂಪನಿಯು ವಲಸೆ ಕಾರ್ಮಿಕರಿಗೆ ಅವರ ನೇಮಕಾತಿ ಶುಲ್ಕವನ್ನು ಮರುಪಾವತಿಸಿತು. 2021ರ ಸೆಪ್ಟೆಂಬರಿನಲ್ಲಿ ತಡೆ ತೆರವಾಯಿತು.

ನಿಮ್ಮ ಕಡತಗಳಲ್ಲಿ ಎಲ್ಲಕ್ಕಿಂತ ಮೊದಲು ನವೀಕರಣಕ್ಕೆ ಬರಲಿರುವ ಸ್ವಚ್ಛತಾ ಗುತ್ತಿಗೆ ಯಾವುದೋ ಅದನ್ನೇ ಈ ವಾರ ತೆಗೆದುಕೊಳ್ಳಿ. ಅದರ ದರವನ್ನು ಕನಿಷ್ಠ ವೇತನದ ಎದುರಿಗಿಟ್ಟು ಲೆಕ್ಕ ಹಾಕಿ. ಆಮೇಲೆ ನಿಮ್ಮ ಮಹಡಿಯ ಕಸ ಗುಡಿಸುವವರನ್ನು, ಮೇಸ್ತ್ರಿ ಇಲ್ಲದ ಹೊತ್ತಿನಲ್ಲಿ, ಕುಳಿತು ಮಾತನಾಡಿಸಿ.