ಡಿಗ್ರಿ ಮಕ್ಕಳ ರಿಸರ್ಚ್ ಬರೀ ರ‍್ಯಾಂಕಿನವರಿಗಾ?

ಪ್ರಶ್ನೆ: ಮೇಡಂ, ನಾನು ಕೊಡಗಿನ ಸೋಮವಾರಪೇಟೆ ಕಡೆ ಬಿ.ಎಸ್‌ಸಿ. ಮಕ್ಕಳಿಗೆ ಪಾಠ ಮಾಡುತ್ತೇನೆ. ರಿಸರ್ಚ್ ಪ್ರಾಜೆಕ್ಟಿಗೆ ಎಲ್ಲ ಥರದ ಮಕ್ಕಳೂ ಬರಬೇಕಾದರೆ ಏನು ಮಾಡಲಿ? ಕೊನೆಗೆ ಚೆನ್ನಾಗಿ ಓದುವವರೇ ತಾನೇ ಮಾಡೋದು?

ಉತ್ತರ: ಆ ಕೊನೆಯ ಸಾಲು! ಈ ಪ್ರಶ್ನೆ ಬಂದಾಗಲೆಲ್ಲ ಆ ಬಾಲವೂ ಜೊತೆಗೇ ಬರುತ್ತದೆ. ಎಷ್ಟು ಸಲ ಹೇಳಲಿ ಮೇಷ್ಟ್ರೇ?

ಪರೀಕ್ಷೆಯಲ್ಲಿ ಉತ್ತರ ಯಾರಿಗೋ ಮೊದಲೇ ಗೊತ್ತಿರುತ್ತದೆ. ರಿಸರ್ಚ್‌ನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಅದರಲ್ಲಿ ಗೆದ್ದವರು ಇದರಲ್ಲೂ ಗೆಲ್ಲುತ್ತಾರೆ ಅಂತ ಯಾರು ಹೇಳಿದ್ದು? ಕಾಫಿ ಗಿಡಕ್ಕೆ ಬೀಳುವ ಬಿಳಿ ಕಾಂಡಕೊರಕ ಹುಳುವನ್ನೇ ತಗೊಳ್ಳಿ. ಅದು ಅರೇಬಿಕಾ ಜಾತಿಯ ಕಾಫಿ ಗಿಡದ ಕಾಂಡದೊಳಗೆ ಕೂತಿರುತ್ತದೆ. ಹೊರಗೆ ಕಾಣುವುದು ತೊಗಟೆ ಮೇಲೆ ಉಬ್ಬಿದ ಗೆರೆ, ಹಳದಿಗೆ ತಿರುಗಿದ ಎಲೆ, ಅಷ್ಟೇ. ಎಷ್ಟು ಗಿಡಕ್ಕೆ ಬಿದ್ದಿದೆ, ನೆರಳು ಕಡಿಮೆ ಇರುವ ಕಡೆ ಜಾಸ್ತಿಯಾ ಅಂತ ಎಣಿಸೋದಕ್ಕೆ ಬೇಕಿರುವುದು ಚುರುಕು ಕಣ್ಣು, ತಾಳ್ಮೆ, ಸುಳ್ಳು ಲೆಕ್ಕ ಬರೆಯದ ಕೈ. ತೋಟದ ಕೂಲಿಯವರ ಲೈನ್ ಮನೆಯಿಂದ ಬರುವ ಹುಡುಗಿ ತೊಗಟೆ ಸವರಿಯೇ ಹೇಳುತ್ತಾಳೆ. ಪ್ರಾಜೆಕ್ಟ್ ಹೋಗುವುದು ಮಾತ್ರ ಮುಂದಿನ ಬೆಂಚಿಗೆ.

ಅವಳು ಹೆಸರು ಕೊಡದಿರುವುದು ದಡ್ಡಿ ಅಂತಲ್ಲ. ದುಡ್ಡು ಸಿಗದ ಕೆಲಸಕ್ಕೆ ಬಂದರೆ ಅಷ್ಟು ದಿನದ ಕೂಲಿ ಖೋತಾ. ಸಂಜೆ ಬಸ್ಸು ತಪ್ಪಿದರೆ ಮನೆ ಸೇರೋದು ಹೇಗೆ? ಹಾಗಾಗಿ ವಿಷಯವನ್ನು ಬೇಕಾದವರ ಕಿವಿಯಲ್ಲಿ ಹೇಳದೆ ನೋಟಿಸ್ ಬೋರ್ಡಿಗೆ ಹಾಕಿ. ಮಕ್ಕಳಿಗೆ ದುಡ್ಡೆಷ್ಟು ಸಿಗುತ್ತದೆ ಅಂತ ಅಲ್ಲೇ ಬರೆಯಿರಿ, ಬಸ್ ಚಾರ್ಜು ಮುಂಗಡ ಕೊಡಿ. ತೋಟದಲ್ಲಿ ಬರೆದುಕೊಳ್ಳುವುದು ಕನ್ನಡದಲ್ಲೇ ಇರಲಿ. ದಯವಿಟ್ಟು ಕಾಫಿ ಕುಯ್ಯುವ ಡಿಸೆಂಬರ್, ಜನವರಿಯಲ್ಲಿ ಶುರು ಮಾಡಬೇಡಿ.

ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ 2 ತಿಂಗಳ ಬೇಸಿಗೆ ಫೆಲೋಶಿಪ್ ಇದೆ. ಸ್ಟೈಪೆಂಡ್ ಜೊತೆಗೆ ರೈಲು ಚಾರ್ಜೂ ಸಿಗುತ್ತದೆ. (ನಮ್ಮ ಜಿಲ್ಲೆಗೆ ರೈಲೇ ಇಲ್ಲ, ಮೈಸೂರಿನ ತನಕ ಬಸ್ಸೇ ಗತಿ. ಅದು ಬೇರೆ ಮಾತು.) ಅಲ್ಲಿ ಮಾರ್ಕ್ಸ್ ಕೇಳುತ್ತಾರೆ, ನಿಜ. ಮೇಷ್ಟ್ರ ಶಿಫಾರಸು ಪತ್ರವನ್ನೂ ಕೇಳುತ್ತಾರೆ. ಆ ಪತ್ರ ಬರೆಯುವವರು ನೀವು. ಅವಳು ತೋಟದಲ್ಲಿ ಏನು ಮಾಡಿದಳು ಅಂತ ನೋಡಿದ್ದರೆ ತಾನೇ ಬರೆಯೋಕೆ ಏನಾದರೂ ಇರೋದು?

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ವರದಿಯಲ್ಲಿ ಹೆಸರು ಯಾರದ್ದು? ಕೊಡಗಿನ ದೇವರಕಾಡುಗಳಲ್ಲಿ ಗಿಡಮರ ಪಟ್ಟಿ ಮಾಡೋಕೆ ಹೊರಟರೆ, ಎಲೆ ನೋಡಿ ಗುರುತು ಹಿಡಿಯುವವನು ಆದಿವಾಸಿ ಹಾಡಿಯಿಂದ ಬಂದ ಹುಡುಗನೇ. ವರದಿ ಆದಮೇಲೆ ಅವನು ಕೊನೆಯ ಪುಟದ ‘ಸಹಾಯ ಮಾಡಿದವರು’ ಪಟ್ಟಿಗೆ ಬೀಳುತ್ತಾನೆ. ಗುರುತಿಸಿದ್ದೂ ಎಣಿಸಿದ್ದೂ ಅವನಾದರೆ ಹೆಸರು ಮೊದಲ ಪುಟದಲ್ಲೇ ಬರಬೇಕು. ಕೆಲಸ ಶುರುವಾಗುವ ದಿನವೇ ಎಲ್ಲರೂ ಕೂತು ಇದನ್ನು ಬರೆದಿಟ್ಟುಕೊಳ್ಳಿ. ವರದಿ ಪ್ರಿಂಟಿಗೆ ಹೋದಮೇಲೆ ಜಗಳವಾಡಿ ಏನೂ ಪ್ರಯೋಜನವಿಲ್ಲ.